ಮೊಬೈಲ್ ಪಾಠ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಒಂದು ಬಾಡಿಗೆ ಕೋಣೆಯಲ್ಲಿ ಕೂತು ನಾವು ನಾಲ್ಕು ಜನ ಮೊಬೈಲಿಗೆ ಕನ್ನಡ ಪಾಠ ಕಟ್ಟುತ್ತೇವೆ. ಅಂಗನವಾಡಿ ಕಾರ್ಯಕರ್ತೆಯರಿಗೆ, ತೊಗರಿ ಬೆಳೆಯುವವರಿಗೆ, ಹೈಸ್ಕೂಲ್ ಮಕ್ಕಳಿಗೆ. ಬೀದರ್, ಯಾದಗಿರಿ ಕಡೆಯ ಮಾಸ್ತರರು, ಸಂಘದವರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಫೋನಿನಲ್ಲಿ ಹೇಳಿ ಹೇಳಿ ಬಾಯಿ ನೋಯುತ್ತದೆ, ಅದಕ್ಕೇ ಬರೆದಿಟ್ಟಿದ್ದೇವೆ.

ನಮ್ಮ ಹತ್ತಿರ ಒಳ್ಳೆಯ ಪಿಪಿಟಿ ಇದೆ. ಅದನ್ನೇ ಮೊಬೈಲಿಗೆ ಹಾಕಿದರೆ ಸಾಲದಾ?

ಸಾಲದು. ಪಿಪಿಟಿ ಅಡ್ಡ ಹಾಳೆ. ಫೋನನ್ನು ಎಲ್ಲರೂ ಹಿಡಿಯುವುದು ಉದ್ದಕ್ಕೆ. ಹಾಗೆ ಹಿಡಿದಾಗ ನಿಮ್ಮ ಸ್ಲೈಡ್ ಪರದೆಯ ಕಾಲು ಭಾಗದಷ್ಟು ಪಟ್ಟಿಯಾಗಿ ನಡುವೆ ಕೂರುತ್ತದೆ. ಓದುವವರು ಎರಡು ಬೆರಳಲ್ಲಿ ಹಿಗ್ಗಿಸಿ, ಎಡಕ್ಕೆ ಬಲಕ್ಕೆ ಎಳೆದಾಡಿ, ಮೂರನೇ ಸ್ಲೈಡಿಗೆ ಫೋನ್ ಕೆಳಗಿಡುತ್ತಾರೆ.

ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಸ್ಲೈಡಿನ ಮೇಲೆ ಇರುವುದು ಆರು ಚುಕ್ಕೆ, ಆರು ಸಾಲು. ಪಾಠ ಇದ್ದದ್ದು ನಿಮ್ಮ ಬಾಯಲ್ಲಿ. ನೀವು ಹೇಳುತ್ತಿದ್ದ ಉದಾಹರಣೆ, ಹಿಂದಿನ ಬೆಂಚಿನವರ ಮುಖ ನೋಡಿ ಮತ್ತೊಮ್ಮೆ ಹೇಳಿದ್ದು, ಯಾವುದೂ ಆ ಫೈಲಿನಲ್ಲಿ ಇಲ್ಲ ಅಲ್ವಾ?

ಪಿಪಿಟಿ ಪಕ್ಕಕ್ಕಿಟ್ಟು ಒಂದು ನೋಟ್‌ಬುಕ್ ತೆಗೆಯಿರಿ. ಈ ಪಾಠ ಮುಗಿಸಿದವರು ನಾಳೆ ಬೆಳಗ್ಗೆ ಯಾವ ಕೆಲಸವನ್ನು ಬೇರೆ ರೀತಿ ಮಾಡುತ್ತಾರೆ? ಒಂದೇ ವಾಕ್ಯದಲ್ಲಿ ಬರೆಯಿರಿ. ಅದು ಬರೆಯಲು ಬರದಿದ್ದರೆ ಪಾಠ ಇನ್ನೂ ಹುಟ್ಟಿಲ್ಲ.

ಇಂಟರ್‌ಆಕ್ಟಿವ್ ಅಂದರೆ ನಡುನಡುವೆ ಕ್ವಿಜ್ ಇಡುವುದು, ಅಷ್ಟೇ ಅಲ್ವಾ?

ಹೆಚ್ಚಿನವರು ಹಾಗೇ ಅಂದುಕೊಂಡಿದ್ದಾರೆ. ನಾವೂ ಮೊದಲು ಹಾಗೇ ಮಾಡಿದೆವು. 'ಮುಂದೆ' ಒತ್ತು, 'ಮುಂದೆ' ಒತ್ತು, ಆಮೇಲೆ ಒಂದು ಪ್ರಶ್ನೆ: 'ಒಆರ್‌ಎಸ್ ಪ್ಯಾಕೆಟ್ಟನ್ನು ಎಷ್ಟು ನೀರಿಗೆ ಕಲಸಬೇಕು?' ಉತ್ತರ ಹಿಂದಿನ ಪರದೆಯಲ್ಲೇ ಇತ್ತು. ಎಲ್ಲರೂ ಸರಿ ಉತ್ತರ ಕೊಟ್ಟರು. ಯಾರೂ ಏನೂ ಕಲಿಯಲಿಲ್ಲ.

ಆಮೇಲೆ ಆ ಪಾಠವನ್ನು ಕಿತ್ತು ಹೀಗೆ ಕಟ್ಟಿದೆವು. ಪರದೆಯಲ್ಲಿ ಅಂಗನವಾಡಿ ಬಾಗಿಲು. ಕೂಸನ್ನು ಎತ್ತಿಕೊಂಡು ತಾಯಿ ನಿಂತಿದ್ದಾಳೆ. 'ಅಕ್ಕೋರೆ, ಮುಂಜಾನಿಂದ ನಾಕ ಸಲ ಭೇದಿ ಆಗ್ಯಾದ್ರಿ. ಒಆರ್‌ಎಸ್ ಕುಡಿಸೀನಿ, ಆದ್ರೂ ನಿಂತಿಲ್ಲ.' ಕೆಳಗೆ ಮೂರು ಆಯ್ಕೆ: ಇನ್ನೊಂದು ಪ್ಯಾಕೆಟ್ ಕೊಡುವುದು, ಹೇಗೆ ಕಲಸಿದಿರಿ ಅಂತ ಕೇಳುವುದು, ಸೀದಾ ಆಸ್ಪತ್ರೆಗೆ ಕಳಿಸುವುದು.

ಪ್ಯಾಕೆಟ್ ಕೊಟ್ಟು ಕಳಿಸಿದರೆ ಸಂಜೆ ತಾಯಿ ಮತ್ತೆ ಬರುತ್ತಾಳೆ, ಕೂಸು ಕುಡಿಯಲು ಒಲ್ಲೆ ಅನ್ನುತ್ತಿದೆ. ಕೇಳಿದರೆ ಅವಳು ಹೇಳುತ್ತಾಳೆ: 'ಒಂದ ಲೋಟ ನೀರಿಗಿ ಅರ್ಧ ಪುಡಿ ಹಾಕೀನ್ರಿ.' ಒಂದು ಲೀಟರಿಗೆ ಇರುವ ಪುಡಿಯ ಅರ್ಧವನ್ನು ಒಂದು ಲೋಟಕ್ಕೆ ಹಾಕಿದರೆ ಉಪ್ಪು ವಿಪರೀತ ಆಯ್ತು, ಅದು ಮಗುವಿಗೆ ಅಪಾಯ. ಆಸ್ಪತ್ರೆಗೆ ಕಳಿಸಿದರೆ ಪಾಠ 'ತಪ್ಪು' ಅನ್ನುವುದಿಲ್ಲ. ಯಾವ ಲಕ್ಷಣ ನೋಡಿ ಕಳಿಸಿದಿರಿ ಅಂತ ಕೇಳುತ್ತದೆ. ಕಣ್ಣು ಗುಳಿ ಬಿದ್ದಿದೆಯಾ, ಮಗು ಮಂಕಾಗಿದೆಯಾ, ಕುಡಿಯಲೂ ಆಗುತ್ತಿಲ್ಲವಾ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ತೀರಾ ನಿಧಾನವಾಗಿ ಕೆಳಗಿಳಿಯುತ್ತಿದೆಯಾ? ಅಂಥದ್ದಿದ್ದರೆ ತಡ ಮಾಡದೆ ಕಳಿಸಲೇಬೇಕು.

ಇನ್ನೊಂದು ಮಾತು ಅಲ್ಲೇ ಬರುತ್ತದೆ. ತಾಯಿ 'ನಿಂತಿಲ್ಲ' ಅಂದಳಲ್ಲ? ಒಆರ್‌ಎಸ್ ಭೇದಿ ನಿಲ್ಲಿಸುವ ಔಷಧಿ ಅಲ್ಲ. ಹೋದ ನೀರು, ಉಪ್ಪು ತುಂಬುವುದು ಅದರ ಕೆಲಸ. ಇದನ್ನು ಮೊದಲ ಪಾಠದಲ್ಲಿ ನಾವು ನಾಲ್ಕನೇ ಸ್ಲೈಡಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದೆವು. ಯಾರ ತಲೆಗೂ ಹೋಗಿರಲಿಲ್ಲ. ತಾಯಿಯ ಬಾಯಿಂದ ಬಂದಾಗ ಹೋಯಿತು.

ಕಲಿಯುವವರು ಏನಾದರೂ ತೀರ್ಮಾನ ಮಾಡಬೇಕು, ಆ ತೀರ್ಮಾನದಿಂದ ಪರದೆಯ ಮೇಲೆ ಏನಾದರೂ ಆಗಬೇಕು. ನಾವು ಇಂಟರ್‌ಆಕ್ಟಿವ್ ಅನ್ನುವುದು ಅದಕ್ಕೆ. ದೊಡ್ಡ ಕೆಂಪು ಗುಣಾಕಾರ ಚಿಹ್ನೆ, 'ಓಹೋ ತಪ್ಪಾಯಿತು' ಅನ್ನುವ ಸದ್ದು, ಇವೆಲ್ಲ ಬೇಡ. ಮೂವತ್ತು ವರ್ಷ ಕೆಲಸ ಮಾಡಿದ ಹೆಂಗಸಿನ ಮುಂದೆ ಫೋನ್ ಹಾಗೆ ಕೂಗಿದರೆ ಅವರಿಗೆ ಅವಮಾನ ಆಗುತ್ತದೆ.

ಒಂದು ಪಾಠ ಎಷ್ಟು ಉದ್ದ ಇರಬೇಕು?

ಚಾ ಕುದಿಯುವಷ್ಟು ಹೊತ್ತು. ಐದು ನಿಮಿಷ, ಜಾಸ್ತಿ ಅಂದರೆ ಏಳು. ಒಂದು ಪಾಠಕ್ಕೆ ಒಂದು ತೀರ್ಮಾನ. ಎರಡನೆಯದು ಬಂದರೆ ಅದು ಎರಡನೇ ಪಾಠ.

ಬಟನ್ ಎಷ್ಟು ದೊಡ್ಡದಿರಬೇಕು? ಎಲ್ಲಿ ಇಡಬೇಕು?

ಆಂಡ್ರಾಯ್ಡ್ ಮಾಡುವವರು ಹೇಳುವ ಅಳತೆ 48 ಡಿಪಿ, ಅಂದರೆ ಪರದೆಯ ಮೇಲೆ ಸುಮಾರು 9 ಮಿಲಿಮೀಟರ್. ವೆಬ್ ಪುಟಗಳ ಸುಗಮ ಬಳಕೆಗೆ 2023ರಲ್ಲಿ ಬಂದ ಡಬ್ಲ್ಯುಸಿಎಜಿ 2.2 ಅನ್ನುವ ಮಾರ್ಗಸೂಚಿಯಲ್ಲಿ ಕನಿಷ್ಠ 24 ಪಿಕ್ಸೆಲ್ ಅಂತಿದೆ. ಅದು ತೀರಾ ಕನಿಷ್ಠ. ನಾವು 48ಕ್ಕಿಂತ ಕಡಿಮೆ ಇಡುವುದಿಲ್ಲ. ಹೊಲದಲ್ಲಿ ದುಡಿದ ಬೆರಳು ದಪ್ಪ ಇರುತ್ತದೆ, ಗ್ಲಾಸ್ ಒಡೆದಿರುತ್ತದೆ. ಎರಡು ಬಟನ್ ನಡುವೆ ಬೆರಳಿಗೆ ಗೊತ್ತಾಗುವಷ್ಟು ಜಾಗ ಬಿಡಿ.

ಜಾಗ ಅಂದರೆ ಹೆಬ್ಬೆರಳು ಮುಟ್ಟುವ ಕೆಳಗಿನ ಅರ್ಧ. ಆದರೆ ತೀರಾ ಅಂಚಿಗೆ ಬೇಡ, ಅಲ್ಲಿ ಫೋನಿನದೇ ಹಿಂದೆ ಹೋಗುವ ಗುರುತು ಇರುತ್ತದೆ. ಆಂಡ್ರಾಯ್ಡ್ 10ರಿಂದ ಈಚೆಗೆ ಪರದೆಯ ಎಡ ಬಲ ಅಂಚಿನಿಂದ ಬೆರಳು ಎಳೆದರೆ ಹಿಂದಕ್ಕೆ ಹೋಗುವ ವ್ಯವಸ್ಥೆ ಬಂದಿದೆ. ನೀವು 'ಮುಂದಿನ ಚಿತ್ರಕ್ಕೆ ಪಕ್ಕಕ್ಕೆ ಎಳೆಯಿರಿ' ಅಂತ ಬರೆದಿರುತ್ತೀರಿ, ಅವರು ಎಳೆಯುತ್ತಾರೆ, ಪಾಠವೇ ಮುಚ್ಚಿಹೋಗುತ್ತದೆ.

ಬಣ್ಣದ್ದೂ ಒಂದು ಕಥೆ ಇದೆ. ಆಳಂದ ತಾಲ್ಲೂಕಿನ ಒಂದು ಊರಲ್ಲಿ ಪಾಠ ತೋರಿಸಲು ಹೋಗಿದ್ದೆ. ಅಂಗನವಾಡಿ ಸಹಾಯಕಿಯೊಬ್ಬರ ಕೈಯಲ್ಲಿ ಫೋನ್ ಕೊಟ್ಟೆ. ಮೊದಲ ಪರದೆ ಓದಿದರು. ಕೆಳಗೆ ಅಗಲವಾದ ಹಸಿರು ಬಟನ್, 'ಮುಂದುವರಿಸಿ'. ಅವರ ಹೆಬ್ಬೆರಳು ಬಟನ್ ಮೇಲೆ ಬಂತು, ನಿಂತಿತು, ಹಿಂದಕ್ಕೆ ಹೋಯಿತು. ನಾನು ಸುಮ್ನೆ ಕೂತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಸೆರಗು ಸರಿ ಮಾಡಿಕೊಂಡು ಮೆಲ್ಲಗೆ ಕೇಳಿದರು: 'ಇದನ್ನ ಒತ್ತಿದ್ರ ರೊಕ್ಕ ಹೋಗ್ತದೇನ್ರಿ?'

ಅವರ ಮಗ ಹಣ ಕಳಿಸುವ ಆ್ಯಪಿನಲ್ಲಿ ಅಂಥದೇ ಬಟನ್ ಒತ್ತುವುದನ್ನು ಅವರು ನೋಡಿದ್ದರು. ಈಗ ನಮ್ಮ ಬಟನ್ ಮೇಲೆ 'ಮುಂದುವರಿಸಿ' ಅಂತ ಇರುವುದಿಲ್ಲ. 'ಕೂಸಿನ ಕಣ್ಣು ನೋಡಿ', 'ತಾಯಿಯನ್ನು ಕೇಳಿ' ಅಂತ, ಒತ್ತಿದರೆ ಏನಾಗುತ್ತದೆ ಅನ್ನುವುದೇ ಬರೆದಿರುತ್ತದೆ. ಮೊದಲ ಪರದೆಯಲ್ಲಿ ಒಂದು ಸಾಲು: 'ಇದರಲ್ಲಿ ಎಲ್ಲಿ ಒತ್ತಿದರೂ ಹಣ ಹೋಗುವುದಿಲ್ಲ.'

ಡ್ರ್ಯಾಗ್ ಅಂಡ್ ಡ್ರಾಪ್ ಇಟ್ಟರೆ ಚೆನ್ನಾಗಿ ಕಾಣುತ್ತದೆ, ಇಡಬಹುದಾ?

ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಕಾಣುತ್ತದೆ. ಫೋನಿನಲ್ಲಿ ಎಳೆಯುವ ಬೆರಳೇ ಎಳೆಯಬೇಕಾದ ವಸ್ತುವನ್ನು ಮುಚ್ಚುತ್ತದೆ, ಜೊತೆಗೆ ಪುಟವೂ ಮೇಲೆ ಕೆಳಗೆ ಓಡುತ್ತದೆ. ಎಳೆಯುವ ಬದಲು ಮುಟ್ಟಿಸಿ.

ಬಿದರಿ ಕೆಲಸದ ಪಾಠ ತೆಗೆದುಕೊಳ್ಳಿ. ಹಂತಗಳನ್ನು ಸರಿಯಾಗಿ ಜೋಡಿಸಬೇಕು: ಸತು, ತಾಮ್ರದ ಎರಕ ಹೊಯ್ಯುವುದು, ತಿಕ್ಕಿ ನುಣುಪು ಮಾಡುವುದು, ಮೈಲುತುತ್ತದ ನೀರು ಹಚ್ಚಿ ಕಪ್ಪಾಗಿಸುವುದು, ಉಳಿಯಲ್ಲಿ ಚಿತ್ತಾರ ಕೊರೆಯುವುದು, ಬೆಳ್ಳಿ ಕೂರಿಸುವುದು, ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿದ ನೀರಿನಲ್ಲಿ ಮತ್ತೆ ಕಪ್ಪಾಗಿಸುವುದು. ಆರು ಚೀಟಿ. ಮೊದಲು ಯಾವುದೋ ಅದನ್ನು ಮೊದಲು ಮುಟ್ಟಿ, ಆಮೇಲೆ ಎರಡನೆಯದು. ಮುಟ್ಟಿದ್ದು ಮೇಲೆ ಹೋಗಿ ಸಾಲಾಗಿ ಕೂರುತ್ತದೆ. ಇಲ್ಲಿ ಎಲ್ಲರೂ ತಪ್ಪುವುದು ಎರಡು ಸಲದ ಕಪ್ಪಿನಲ್ಲಿ. ಎರಡು ಸಲ ಯಾಕೆ? ಮೊದಲನೆಯದು ಕೊರೆದ ಗೆರೆ ಕಣ್ಣಿಗೆ ಕಾಣಲಿ ಅಂತ, ಅದು ತಾತ್ಕಾಲಿಕ. ಕೊನೆಯದು ಉಳಿಯುವ ಕಪ್ಪು, ಅದರಲ್ಲಿ ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಪಾಠದ ಜೀವ ಇರುವುದೇ ಆ ಗೊಂದಲದಲ್ಲಿ.

ನುಡಿಯಲ್ಲಿ ಟೈಪ್ ಮಾಡಿದ ಟಿಪ್ಪಣಿ ಫೋನಿನಲ್ಲಿ ಏನೇನೋ ಕಾಣುತ್ತದೆ. ಯಾಕೆ?

ವಾರಕ್ಕೊಂದು ಸಲ ಬರುವ ಪ್ರಶ್ನೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಕನ್ನಡದ ವೇಷ ಅಷ್ಟೇ. ಆ ಫಾಂಟ್ ಇಲ್ಲದ ಫೋನಿಗೆ ಹೋದರೆ ವೇಷ ಕಳಚುತ್ತದೆ. 'ಕನ್ನಡ' ಅಂತ ಬರೆದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳು, ನಡುವೆ ಒಂದು ಪೌಂಡ್ ಗುರುತು!

ಫೋನಿಗೆ ಬೇಕಾದದ್ದು ಯೂನಿಕೋಡ್, ಅಂದರೆ ಕನ್ನಡ ಅಕ್ಷರಕ್ಕೆ ಕನ್ನಡದ್ದೇ ಸಂಕೇತ. ನುಡಿಯ ಹೊಸ ಆವೃತ್ತಿಗಳಲ್ಲಿ ಅದೂ ಇದೆ, ಟೈಪ್ ಮಾಡುವ ಮೊದಲು ಆರಿಸಿಕೊಳ್ಳಬೇಕು. ಹಳೆಯ ಕಡತಗಳನ್ನು ಬದಲಿಸಲು ಪರಿವರ್ತಕಗಳಿವೆ. ಆದರೆ ಬದಲಿಸಿದ ಮೇಲೆ ಒಂದು ಸಲ ಕಣ್ಣಾಡಿಸಿ. ಅರ್ಕಾವತ್ತು ಜಾಗ ತಪ್ಪಿರುತ್ತದೆ, ಎರಡೆರಡು ಒತ್ತು ಇರುವ ಕಡೆ ಒಂದು ಬಿಟ್ಟುಹೋಗಿರುತ್ತದೆ.

ಫಾಂಟಿಗೆ ನೋಟೊ ಸಾನ್ಸ್ ಕನ್ನಡ ಸಾಕು, ಉಚಿತ. ಶೀರ್ಷಿಕೆಗೆ ಬಲೂ ತಮ್ಮ ಚೆನ್ನಾಗಿರುತ್ತದೆ. ಅಕ್ಷರದ ಗಾತ್ರ 18 ಪಿಕ್ಸೆಲ್‌ಗಿಂತ ಕಡಿಮೆ ಬೇಡ. ಸಾಲಿನ ಎತ್ತರ ಅಕ್ಷರದ 1.6 ಪಟ್ಟಾದರೂ ಇರಲಿ. ಇಂಗ್ಲಿಷಿಗೆ ಮಾಡಿದ ಕೆಲವು ಟೆಂಪ್ಲೇಟುಗಳಲ್ಲಿ ಇದು 1.2 ಇರುತ್ತದೆ. ನಮಗೆ ಕೆಳಗೆ ಒತ್ತಕ್ಷರ, ಮೇಲೆ ಗುಡಿಸು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. ಬಟನ್ ಒಳಗಂತೂ 'ಉತ್ತರ'ದ ತಾವತ್ತು ಅರ್ಧ ಕತ್ತರಿಸಿ ಹೋಗಿರುತ್ತದೆ. ಅಕ್ಷರಗಳ ನಡುವೆ ಜಾಗ ಹಿಗ್ಗಿಸುವ ಅಲಂಕಾರವೂ ಕನ್ನಡಕ್ಕೆ ಒಗ್ಗುವುದಿಲ್ಲ.

'ಬಿಟ್ಟ ಸ್ಥಳ ತುಂಬಿ' ಇಟ್ಟಿದ್ದೇವೆ. ಸರಿ ಉತ್ತರ ಬರೆದರೂ ತಪ್ಪು ಅನ್ನುತ್ತದೆ.

ಕಣ್ಣಿಗೆ ಒಂದೇ ಕಾಣುವ ಕನ್ನಡ ಪದ ಒಳಗೆ ಎರಡು ರೀತಿ ಇರಬಹುದು. 'ಕೊ' ಅನ್ನುವುದನ್ನು ಒಂದು ಕೀಲಿಮಣೆ ಒಂದೇ ಸ್ವರಚಿಹ್ನೆಯಾಗಿ ಕಳಿಸುತ್ತದೆ, ಇನ್ನೊಂದು ಏತ್ವ, ಊಕಾರ ಅಂತ ಎರಡು ತುಂಡಾಗಿ ಕಳಿಸಬಹುದು. ನಡುವೆ ಕಣ್ಣಿಗೆ ಕಾಣದ ಜೋಡಣೆ ಗುರುತೂ ಸೇರಿರಬಹುದು. ನಾವು 5 ಅಂದರೆ ಅವರು ೫ ಅಂತ ಬರೆದಿರಬಹುದು. ಪ್ರೋಗ್ರಾಮ್ ಬರೆಯುವವರು ಜೊತೆಗಿದ್ದರೆ ಹೋಲಿಸುವ ಮೊದಲು ಎನ್ಎಫ್‌ಸಿ ರೂಪಕ್ಕೆ (ತುಂಡಾದ ಚಿಹ್ನೆಗಳನ್ನು ಒಂದಾಗಿಸುವ ಯೂನಿಕೋಡ್ ರೂಪ) ತರಲು ಹೇಳಿ. ಕಾಣದ ಗುರುತು, ಅಂಕಿಗಳನ್ನು ಅದು ಸರಿ ಮಾಡುವುದಿಲ್ಲ, ಅವನ್ನು ಬೇರೆಯಾಗಿ ನೋಡಿಕೊಳ್ಳಬೇಕು.

ಪಾಠ ಕಟ್ಟುವ ಎಚ್5ಪಿ ಅನ್ನುವ ತಂತ್ರಾಂಶದಲ್ಲಿ ಸಣ್ಣ ಕಾಗುಣಿತ ತಪ್ಪು ಮನ್ನಿಸುವ ಆಯ್ಕೆ ಇದೆ. ಕನ್ನಡಕ್ಕೆ ಅದನ್ನು ಹಾಕಬೇಡಿ. ಅಲ್ಲಿ ಒಂದು ಸಂಕೇತದ ವ್ಯತ್ಯಾಸ ಮನ್ನಾ. ಆ ಲೆಕ್ಕದಲ್ಲಿ 'ಹಾಲು' ಅನ್ನುವ ಕಡೆ 'ಹಾಳು' ಬರೆದರೂ ಶಭಾಷ್ ಅನ್ನುತ್ತದೆ.

ನಿಜ ಹೇಳಬೇಕೆಂದರೆ ಫೋನಿನಲ್ಲಿ ಟೈಪ್ ಮಾಡಿಸುವುದೇ ಬೇಡ. ನಮ್ಮ ಕಡೆ ಎಷ್ಟೋ ಜನ ಕನ್ನಡ ಓದುತ್ತಾರೆ, ಆದರೆ ಫೋನಿನಲ್ಲಿ ಬರೆಯುವುದು ಇಂಗ್ಲಿಷ್ ಅಕ್ಷರದಲ್ಲಿ, ಇಲ್ಲವೇ ಮಾತಾಡಿ ಕಳಿಸುತ್ತಾರೆ. ಮುಟ್ಟಿ ಆರಿಸುವ ಹಾಗೆ ಮಾಡಿ.

ಯಾವ ಕನ್ನಡದಲ್ಲಿ ಬರೆಯಬೇಕು? ಪುಸ್ತಕದ್ದಾ, ನಮ್ಮ ಮಾತಾ?

ನಮ್ಮಲ್ಲೇ ಇದಕ್ಕೆ ಜಗಳ ಆಗಿದೆ. ನಾವು ಬಂದು ನಿಂತ ಜಾಗ ಇದು: ಓದುವ ಸಾಲು ಎಲ್ಲರಿಗೂ ಗೊತ್ತಿರುವ ಸರಳ ಬರಹದ ಕನ್ನಡದಲ್ಲಿ, ಮಾತಾಡುವ ಪಾತ್ರ ತನ್ನ ಮಾತಿನಲ್ಲಿ. ತಾಯಿ 'ಆಗ್ಯಾದ್ರಿ' ಅನ್ನುತ್ತಾಳೆ, ಸೂಚನೆ 'ಆಗಿದೆ' ಅನ್ನುತ್ತದೆ. ಪಾತ್ರಗಳೂ ಬೆಂಗಳೂರು ಧಾರಾವಾಹಿಯ ಹಾಗೆ ಮಾತಾಡಿದರೆ ಕೇಳುವವರು ನಗುತ್ತಾರೆ.

ಕಸುಬಿನ ಪದ ಮಾತ್ರ ಊರಿನದೇ ಇರಲಿ. ತೊಗರಿ ಒಣಗುವ ರೋಗವನ್ನು ಇಲ್ಲಿನ ರೈತರು ನೆಟೆ ರೋಗ ಅನ್ನುತ್ತಾರೆ. ಪಾಠದಲ್ಲಿ ಅದಕ್ಕೆ ಶಿಲೀಂಧ್ರದ ಉದ್ದ ಹೆಸರು ಇಟ್ಟು, ನೆಟೆ ಅನ್ನುವ ಪದವೇ ಇಲ್ಲದಿದ್ದರೆ ಇದು ಬೇರೆ ಯಾವುದೋ ರೋಗ ಅಂದುಕೊಂಡು ಮುಚ್ಚಿಡುತ್ತಾರೆ. ಬೀದರಿನಲ್ಲಿ ಎಷ್ಟೋ ಜನರ ಮನೆಮಾತು ಮರಾಠಿ, ಉರ್ದು, ಗಡಿ ಊರುಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ. ಅಂಥ ಕಡೆ ಬರಹ ಕಮ್ಮಿ ಮಾಡಿ ಧ್ವನಿ ಜಾಸ್ತಿ ಮಾಡಿ. ಧ್ವನಿಯನ್ನು ಬೇರೆ ಫೈಲಾಗಿ ಇಟ್ಟಿದ್ದರೆ ಅದೇ ಪಾಠಕ್ಕೆ ಇನ್ನೊಂದು ಭಾಷೆ ಜೋಡಿಸುವುದು ಸುಲಭ.

ವಿಡಿಯೋ ಹಾಕಲೇಬೇಕಾ? ಎಷ್ಟು ಎಂಬಿ ಆಗುತ್ತದೆ?

ಲೆಕ್ಕ ನೀವೇ ನೋಡಿ. ಸೆಕೆಂಡಿಗೆ 500 ಕಿಲೋಬಿಟ್ ಇರುವ ಸಾಧಾರಣ 480ಪಿ ವಿಡಿಯೋ ಐದು ನಿಮಿಷಕ್ಕೆ ಸುಮಾರು 19 ಎಂಬಿ. 1500 ಕಿಲೋಬಿಟ್‌ನ 720ಪಿ ಆದರೆ 56 ಎಂಬಿ. ಅದೇ ಐದು ನಿಮಿಷದ ಮಾತು ಮಾತ್ರ, 32 ಕಿಲೋಬಿಟ್‌ನಲ್ಲಿ, 1.2 ಎಂಬಿ. ಅದಕ್ಕೆ 60 ಕೆಬಿಯ ಹತ್ತು ವೆಬ್‌ಪಿ ಚಿತ್ರ ಸೇರಿಸಿದರೂ 2 ಎಂಬಿ ದಾಟುವುದಿಲ್ಲ.

ಕೈಚಳಕ ತೋರಿಸಬೇಕಾದ ಕಡೆ ಮಾತ್ರ ವಿಡಿಯೋ ಹಾಕಿ. ತೊಗರಿಯ ಕುಡಿ ಚಿವುಟುವುದು ಹೇಗೆ ಅನ್ನುವುದಕ್ಕೆ ಇಪ್ಪತ್ತು ಸೆಕೆಂಡ್ ವಿಡಿಯೋ ಬೇಕು, ಮಾತಲ್ಲಿ ಹೇಳಲು ಆಗುವುದಿಲ್ಲ. ಅಧಿಕಾರಿಗಳು ಕುರ್ಚಿಯಲ್ಲಿ ಕೂತು ಮಾತಾಡುವುದಕ್ಕೆ ವಿಡಿಯೋ ಯಾಕೆ? ಕೆಳಗೆ ಕನ್ನಡದ ಸಾಲುಗಳನ್ನು ಕೊಡಿ. ಬಸ್ಸಿನಲ್ಲಿ, ಅತ್ತೆ ಮಲಗಿದ ಮನೆಯಲ್ಲಿ ಧ್ವನಿ ಹಾಕುವ ಹಾಗಿರುವುದಿಲ್ಲ.

ನೆಟ್‌ವರ್ಕ್ ಸಿಗದ ಊರುಗಳಿಗೆ ಏನು ಮಾಡುವುದು?

ಮೂರು ದಾರಿ ನೋಡಿದ್ದೇವೆ. ಮೂಡಲ್ (ಪಾಠ, ಅಂಕ ಎಲ್ಲ ಇಟ್ಟುಕೊಳ್ಳುವ ತಂತ್ರಾಂಶ) ಇದ್ದರೆ ಅದರ ಮೊಬೈಲ್ ಆ್ಯಪಿನಲ್ಲಿ ಪಾಠ ಇಳಿಸಿಕೊಂಡು ನೆಟ್ ಇಲ್ಲದೆ ಓದಬಹುದು. ಮತ್ತೆ ಸಂಪರ್ಕ ಬಂದಾಗ ಅಂಕಗಳು ಹೋಗಿ ಸೇರುತ್ತವೆ. ಎರಡನೆಯದು, ಮೊದಲ ಸಲ ತೆರೆದಾಗಲೇ ಫೋನಿನಲ್ಲಿ ಉಳಿದುಕೊಳ್ಳುವ ವೆಬ್ ಪುಟ. ಇದಕ್ಕೆ ಸರ್ವಿಸ್ ವರ್ಕರ್, ಅಂದರೆ ಪುಟವನ್ನು ಫೋನಿನಲ್ಲಿ ಉಳಿಸುವ ಸಣ್ಣ ಪ್ರೋಗ್ರಾಮ್ ಬರೆಯಲು ಬಲ್ಲವರು ಬೇಕು. ಮೂರನೆಯದು, ಇಡೀ ಪಾಠವನ್ನು ಒಂದೇ ಎಚ್‌ಟಿಎಂಎಲ್ ಫೈಲ್ ಮಾಡಿ ವಾಟ್ಸ್‌ಆ್ಯಪಿನಲ್ಲಿ ಡಾಕ್ಯುಮೆಂಟಾಗಿ ಕಳಿಸುವುದು. ಜನಕ್ಕೆ ಇದೇ ಇಷ್ಟ. ಆದರೆ ಕೆಲವು ಫೋನುಗಳು ಅದನ್ನು ಬ್ರೌಸರ್ ಬದಲು ಬರೀ ನೋಡುವ ಆ್ಯಪಿನಲ್ಲಿ ತೆರೆಯುತ್ತವೆ. ಪುಟ ಕಾಣುತ್ತದೆ, ಬಟನ್ ಒತ್ತಿದರೆ ಏನೂ ಆಗುವುದಿಲ್ಲ. 'ಕ್ರೋಮ್‌ನಲ್ಲಿ ತೆರೆಯಿರಿ' ಅಂತ ಚಿತ್ರ ಸಮೇತ ಒಂದು ಸಂದೇಶ ಜೊತೆಗೆ ಹೋಗಲಿ.

ಯಾವ ಸಾಫ್ಟ್‌ವೇರ್? ದುಡ್ಡು ಕೊಡಬೇಕಾ?

ಶುರು ಮಾಡಲು ಬೇಕಿಲ್ಲ. ಎಚ್5ಪಿ ಮುಕ್ತ ತಂತ್ರಾಂಶ, ನಾರ್ವೆಯಲ್ಲಿ ಹುಟ್ಟಿದ್ದು. ಮೂಡಲ್ 3.8ರಿಂದ ಅದು ಮೂಡಲ್ ಒಳಗೇ ಬರುತ್ತದೆ. ವರ್ಡ್‌ಪ್ರೆಸ್ಸಿಗೂ ಕೂರುತ್ತದೆ. ಲ್ಯಾಪ್‌ಟಾಪಿನಲ್ಲಿ ನೆಟ್ ಇಲ್ಲದೆ ಕಟ್ಟಲು ಲೂಮಿ ಇದೆ, ಅದರಿಂದ ಒಂದೇ ಎಚ್‌ಟಿಎಂಎಲ್ ಫೈಲ್ ತೆಗೆಯಬಹುದು. ಮೇಲೆ ಹೇಳಿದ ತಾಯಿಯ ಕಥೆಯಂಥದ್ದಕ್ಕೆ ಅದರಲ್ಲಿ ಬ್ರಾಂಚಿಂಗ್ ಸಿನಾರಿಯೋ ಅಂತಿದೆ. ಕವಲುಗಳನ್ನು ಮೊದಲು ಕಾಗದದ ಮೇಲೆ ಬಿಡಿಸಿಕೊಂಡು ಆಮೇಲೆ ಕೂರಿ. ಇಲ್ಲದಿದ್ದರೆ ನಾಲ್ಕನೇ ಕವಲಿಗೆ ತಲೆ ಕೆಡುತ್ತದೆ.

ದುಡ್ಡು ಕೊಟ್ಟು ಕೊಳ್ಳುವ ದೊಡ್ಡ ಸಾಫ್ಟ್‌ವೇರುಗಳೂ ಇವೆ, ಒಳ್ಳೆಯವೇ. ಆದರೆ ವರ್ಷದ ಬಾಡಿಗೆ ನಿಂತ ದಿನ ನಿಮ್ಮ ಪಾಠವನ್ನು ನೀವೇ ತಿದ್ದಲು ಆಗುವುದಿಲ್ಲ. ಅದನ್ನು ಮೊದಲೇ ಯೋಚಿಸಿ.

ಸ್ಕಾರ್ಮ್ ಫೈಲ್ ಕೊಡಿ ಅಂತ ಕೇಳುತ್ತಾರೆ. ಅದೇನು?

ಪಾಠವೂ ಅದನ್ನು ಇಟ್ಟುಕೊಳ್ಳುವ ವ್ಯವಸ್ಥೆಯೂ ಮಾತಾಡಿಕೊಳ್ಳಲು ಇರುವ ಒಪ್ಪಂದ: ಯಾರು ತೆರೆದರು, ಎಷ್ಟು ಅಂಕ, ಎಲ್ಲಿ ನಿಲ್ಲಿಸಿದರು. 2001ರ 1.2 ಆವೃತ್ತಿಯೇ ಇವತ್ತಿಗೂ ಎಲ್ಲ ಕಡೆ ಓಡುತ್ತದೆ. ಅದರಲ್ಲಿ 'ಎಲ್ಲಿ ನಿಲ್ಲಿಸಿದರು' ಅನ್ನುವುದಕ್ಕೆ ಇರುವ ಜಾಗ 4096 ಅಕ್ಷರ. ಕವಲು ಜಾಸ್ತಿಯಾಗಿ ಅದು ತುಂಬಿದರೆ ಪಾಠ ಮತ್ತೆ ಮೊದಲಿಂದ ಶುರುವಾಗಬಹುದು. ಪಾಠ ಚಿಕ್ಕದಿರಲಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಮನೆಗೆಲ್ಲ ಒಂದೇ ಫೋನ್. ಯಾರು ಓದಿದರು ಅಂತ ಗೊತ್ತಾಗುವುದು ಹೇಗೆ?

ಲಾಗಿನ್, ಪಾಸ್‌ವರ್ಡ್, ಒಟಿಪಿ ಎಲ್ಲ ಇಟ್ಟು ನೋಡಿದೆವು. ಒಟಿಪಿ ಬರುವ ನಂಬರು ಗಂಡನದು, ಅವರು ಹೊಲದಲ್ಲಿ. ಈಗ ಮೊದಲ ಪರದೆಯಲ್ಲಿ ಕೆಲವು ಚಿತ್ರ ಇಡುತ್ತೇವೆ: ಕೊಡ, ನವಿಲು, ಬಂಡಿ, ಸೂರ್ಯ. ನಿಮ್ಮದು ಯಾವುದೋ ಅದನ್ನು ಮುಟ್ಟಿ. ನವಿಲಿನವರು ಎಲ್ಲಿ ಬಿಟ್ಟಿದ್ದರೋ ಅಲ್ಲಿಂದ ಶುರು. ಸರ್ಟಿಫಿಕೇಟ್ ಕೊಡುವ ಪರೀಕ್ಷೆಗೆ ಇದು ನಡೆಯುವುದಿಲ್ಲ, ಕಲಿಯುವುದಕ್ಕೆ ಸಾಕು.

ಬಿಸಿಲಲ್ಲಿ ಪರದೆ ಕಾಣುವುದಿಲ್ಲ ಅನ್ನುತ್ತಾರೆ.

ಮೇ ತಿಂಗಳ ಕಲಬುರಗಿ ಬಿಸಿಲು ಗೊತ್ತಲ್ಲ! ಫೋನ್ ಕಾದರೆ ತಾನೇ ಬೆಳಕು ಇಳಿಸಿಕೊಳ್ಳುತ್ತದೆ. ತಿಳಿ ಬೂದು ಅಕ್ಷರದ ಫ್ಯಾಷನ್ ಬಿಡಿ. ಅಕ್ಷರಕ್ಕೂ ಹಿನ್ನೆಲೆಗೂ 4.5ಕ್ಕೆ 1ರ ವ್ಯತ್ಯಾಸ ಇರಲೇಬೇಕು ಅನ್ನುವುದು ಡಬ್ಲ್ಯುಸಿಎಜಿ ಅಳತೆ. ಸರಿ ತಪ್ಪು ಹೇಳಲು ಬರೀ ಹಸಿರು ಕೆಂಪು ಸಾಲದು, ಪದವೂ ಇರಲಿ. ಚಿತ್ರಗಳಿಗೆ ಕನ್ನಡದಲ್ಲೇ ವಿವರಣೆ ಬರೆಯಿರಿ. ಕಣ್ಣು ಕಾಣದವರಿಗೆ ಟಾಕ್‌ಬ್ಯಾಕ್ ಅದನ್ನು ಓದಿ ಹೇಳುತ್ತದೆ.

ದೀಕ್ಷಾ ಇರುವಾಗ ನಾವು ಬೇರೆ ಯಾಕೆ ಮಾಡಬೇಕು?

ಶಾಲೆಯ ಪಠ್ಯ ಆದರೆ ಮೊದಲು ಅಲ್ಲೇ ಹುಡುಕಿ. ದೀಕ್ಷಾ 2017ರಲ್ಲಿ ಶುರುವಾದ ಸರ್ಕಾರದ ಶಾಲಾ ಪಾಠಗಳ ತಾಣ, ನಮ್ಮ ಪಠ್ಯಪುಸ್ತಕಗಳ ಕ್ಯೂಆರ್ ಕೋಡ್ ಅದಕ್ಕೇ ಹೋಗುತ್ತದೆ. ಇದ್ದದ್ದನ್ನೇ ಮತ್ತೆ ಮಾಡಬೇಡಿ. ಅಲ್ಲಿ ಇಲ್ಲದ್ದು ನಿಮ್ಮ ಊರಿನ ನೆಟೆ ರೋಗ, ನಿಮ್ಮ ಅಂಗನವಾಡಿಯ ಬಾಗಿಲು. ಅದನ್ನು ಮಾಡಿ.

ಪಾಠ ಚೆನ್ನಾಗಿದೆಯೋ ಇಲ್ಲವೋ ಹೇಗೆ ತಿಳಿಯುವುದು?

'ಹೇಗಿದೆ?' ಅಂತ ಕೇಳಬೇಡಿ. 'ಛಲೋ ಅದರಿ' ಅನ್ನುತ್ತಾರೆ, ಮನೆಗೆ ಬಂದವರಿಗೆ ಇನ್ನೇನು ಅಂತಾರೆ? ಐದು ಜನರ ಕೈಯಲ್ಲಿ ಅವರದೇ ಫೋನ್ ಇರಲಿ, ನಿಮ್ಮದಲ್ಲ. ಬಾಯಿ ಮುಚ್ಚಿಕೊಂಡು ಬೆರಳು ನೋಡಿ. ಎಲ್ಲಿ ನಿಂತಿತು, ಎಲ್ಲಿ ಎರಡು ಸಲ ಒತ್ತಿತು, ಯಾವಾಗ ಮುಖ ಎತ್ತಿ ನಿಮ್ಮನ್ನು ನೋಡಿದರು. ಬರೆದುಕೊಳ್ಳಿ. ಸಹಾಯ ಮಾಡಲು ಕೈ ಚಾಚಿದಿರೋ, ಆ ದಿನದ ಪರೀಕ್ಷೆ ಹಾಳು.

ಕಳಿಸಿದ ಮೇಲೆ ತಪ್ಪು ಕಂಡರೆ?

ಸರ್ವರಿನಲ್ಲಿದ್ದರೆ ಅಲ್ಲೇ ತಿದ್ದಿ. ವಾಟ್ಸ್‌ಆ್ಯಪಿನಲ್ಲಿ ಹೋದದ್ದು ಹೋಯಿತು. ಅದಕ್ಕೇ ಮೊದಲ ಪರದೆಯ ಮೂಲೆಯಲ್ಲಿ ಆವೃತ್ತಿ ಸಂಖ್ಯೆ, ತಾರೀಖು ಹಾಕಿ. ಯಾರಾದರೂ ದೂರು ಹೇಳಿದರೆ ಮೊದಲು ಆ ಸಂಖ್ಯೆ ಕೇಳಿ. ನಮ್ಮ ಒಆರ್‌ಎಸ್ ಪಾಠ ಈಗ 7ನೇ ಆವೃತ್ತಿಯಲ್ಲಿದೆ. 3ನೆಯದು ಇನ್ನೂ ಯಾವುದೋ ಗುಂಪಿನಲ್ಲಿ ಓಡಾಡುತ್ತಿದೆ, ಅದೇ ಹಸಿರು ಬಟನ್ ಸಮೇತ.